ಎದುರುಮನೆ ಅಕ್ಕನ ಕಿಟಕಿಗಳು

ಸಂತಾಪ ಸಭೆಯಲ್ಲಿ ಸಂಘದ ಹಿರಿಯರೊಬ್ಬರು ಮೈಕಿನ ಮುಂದೆ ನಿಂತು, ನಮ್ಮ ಎದುರುಮನೆಯ ಅಕ್ಕ "ಸದಾ ಹಸನ್ಮುಖಿ, ಮೃದುಭಾಷಿ, ಎಲ್ಲರೊಂದಿಗೂ ಹೊಂದಿಕೊಂಡು ಬಾಳಿದವರು" ಎಂದು ಹೇಳಿದಾಗ ನನಗೆ ಮೈಯೆಲ್ಲಾ ಉರಿದುಹೋಯಿತು. ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಮೆಲ್ಲಗೆ ನನ್ನ ಮೊಣಕೈ ಹಿಡಿದುಕೊಂಡರು, ಎಲ್ಲಿ ಎದ್ದು ನಿಲ್ಲುತ್ತಾಳೋ ಎಂಬ ಹೆದರಿಕೆ ಅವರಿಗೆ. ನಾನು ಏಳಲಿಲ್ಲ. ಸತ್ತವರ ಹೆಸರಿನಲ್ಲಿ ಸೇರಿದ ಸಭೆಯಲ್ಲಿ ಜಗಳ ತೆಗೆಯಬಾರದು ಎನ್ನುವಷ್ಟು ಬುದ್ಧಿ ನನಗೂ ಇದೆ. ಆದರೆ ಹೇಳಿದ್ದು ಅಪ್ಪಟ ಸುಳ್ಳು. ಅಕ್ಕ ಹಸನ್ಮುಖಿ ಆಗಿರಲಿಲ್ಲ. ಮೃದುಭಾಷಿಯಂತೂ ಅಲ್ಲವೇ ಅಲ್ಲ. ತುಟಿಗಳ ನಡುವೆ ಸೇಫ್ಟಿ ಪಿನ್ನು ಕಚ್ಚಿಕೊಂಡೇ ಬೈಯಬಲ್ಲ ಹೆಂಗಸು ಅವರೊಬ್ಬರೇ, ನಾನು ಕಂಡ ಹಾಗೆ.

ಅದೇ ಹಿರಿಯರು ಮುಂದುವರಿದು, "ಪರದೆ ಕಟ್ಟುವುದು, ಮನೆ ಸಿಂಗರಿಸುವುದು ಅವರ ಹವ್ಯಾಸವಾಗಿತ್ತು" ಎಂದರು. ಸ್ಟಾಂಪು ಕೂಡಿಸುವುದು ಹವ್ಯಾಸ. ಅಕ್ಕನಿಗೆ ಇದ್ದದ್ದು ಒಂದು ಆಸೆ. ಮೂಲ್ಕಿಯ ಹತ್ತಿರ ಕಟ್ಟುತ್ತಿದ್ದ ತಮ್ಮ ಸ್ವಂತ ಮನೆಯ ಕಿಟಕಿಗಳಿಗೆ ತಾವೇ ಪರದೆ ಇಳಿಬಿಡಬೇಕು ಎನ್ನುವುದು, ಅಷ್ಟೇ. ಆ ಆಸೆ ಏನಾಯಿತು ಎನ್ನುವುದು ಆ ಸಭಾಂಗಣದಲ್ಲಿದ್ದ ಕೆಲವರಿಗಾದರೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವರೂ ತಲೆ ತಗ್ಗಿಸಿ ಮೌನ ಆಚರಿಸಿ, ಚಹಾ ಕುಡಿದು, ಪಾರ್ಕಿಂಗಿನಲ್ಲಿ ನಿಂತು ವೀಸಾದ ವಿಷಯ ಮಾತಾಡಿ ಮನೆಗೆ ಹೋದರು.

ಮಸ್ಕತ್ತಿನ ಅಲ್ ಖೌದ್‌ನಲ್ಲಿ ವಿಶ್ವವಿದ್ಯಾಲಯದ ಕಡೆಗೆ ಹೋಗುವ ರಸ್ತೆಯ ಹಿಂಬದಿಗೆ ನಮ್ಮ ಕಟ್ಟಡ. ನಮ್ಮ ಬಾಗಿಲು ತೆಗೆದರೆ ಎದುರಿಗೆ ಅಕ್ಕನ ಬಾಗಿಲು. ಅವರು ತುಳು ಮಾತಾಡುವವರು, ನಾನು ಕುಂದಾಪುರದ ಕಡೆಯವಳು, ತುಳು ಅರ್ಧಂಬರ್ಧ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ. ನಾನು ವಾದಿ ಅದಾಯ್‌ನ ಒಂದು ಟೈಲ್ಸ್ ಶೋರೂಮಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅಕ್ಕ ಗಂಡನ ವೀಸಾದಲ್ಲಿ ಇದ್ದವರು, ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಮಕ್ಕಳಿಲ್ಲ. ಇಡೀ ದಿನ ಆ ಫ್ಲ್ಯಾಟು, ಅದರ ಕಿಟಕಿಗಳು, ಕಿಟಕಿಯಾಚೆ ಮಣ್ಣಿನ ಬಣ್ಣದ ಗುಡ್ಡ.

ನಾವು ಆ ಕಟ್ಟಡಕ್ಕೆ ಬಂದ ಹೊಸತರಲ್ಲಿ ಪಡುವಣ ಬಿಸಿಲು ತಡೆಯಲಾರದೆ ನಾನು ಹಾಲಿನ ಕಿಟಕಿಗೆ ಕಂಬಳಿ ಕಟ್ಟಿದ್ದೆ. ಗಲ್ಫಿನಲ್ಲಿ ಬಾಳಿದವರಿಗೆ ಆ ಕಂಬಳಿ ಗೊತ್ತು, ದಪ್ಪಗೆ, ನುಣ್ಣಗೆ, ಮೇಲೆ ಇಡೀ ಗಾತ್ರದ ಹುಲಿಯ ಚಿತ್ರ. ಅಕ್ಕ ಪರಿಚಯಕ್ಕೆ ಅಂತ ಒಂದು ಬಟ್ಟಲು ಪಾಯಸ ಹಿಡಿದುಕೊಂಡು ಬಂದವರು ಬಟ್ಟಲು ನನ್ನ ಕೈಗೆ ಕೊಡುವುದನ್ನೂ ಮರೆತು ಕಿಟಕಿಯನ್ನೇ ನೋಡಿದರು.

"ಎಂತ ಇದು? ಹುಲಿವೇಷ ಕುಣಿಸ್ತೀರಾ ಮನೆಯಲ್ಲಿ?"

"ಸದ್ಯಕ್ಕೆ ಅಂತ ಕಟ್ಟಿದ್ದು. ಹೇಗೂ ನಾವು ಇಲ್ಲಿ ಎರಡು ಮೂರು ವರ್ಷ ಅಲ್ವಾ" ಅಂದೆ.

"ನಾನು ಬಂದದ್ದು ಸಹ ಎರಡು ವರ್ಷಕ್ಕೇ. ಈಗ ತಲೆ ಬೆಳ್ಳಗಾಗಿದೆ. ಮೊದಲು ಅದನ್ನು ಇಳಿಸು."

ಹೆಸರು ಕೇಳುವ ಮೊದಲೇ ಏಕವಚನ. ನನಗೆ ಸಿಟ್ಟು ಬಂತು, ಆದರೂ ಇಳಿಸಿದೆ. ಅವರು ತಮ್ಮ ಮನೆಗೆ ಹೋಗಿ ತಿಳಿ ಹಳದಿ ಬಣ್ಣದ ತೆಳು ಮಲ್ಲು ಬಟ್ಟೆಯ ಒಂದು ದೊಡ್ಡ ಸುರುಳಿ ತಂದು ನೆಲದ ಮೇಲೆ ಉದ್ದಕ್ಕೆ ಹಾಸಿದರು. ಒಂದು ಅಂಚಿನಿಂದ ಶುರುಮಾಡಿ, ಸೀರೆಯ ನೆರಿಗೆ ಹಿಡಿದ ಹಾಗೆ ಬೆರಳುಗಳ ನಡುವೆ ಮಡಿಕೆ ಹಿಡಿಯುತ್ತಾ ಹೋದರು. ಎಲ್ಲಾ ಮಡಿಕೆಯೂ ಕೂತ ಮೇಲೆ ಎರಡು ಕಡೆ ಸಡಿಲವಾಗಿ ದಾರ ಕಟ್ಟಿದರು. ಸ್ಟೂಲು ಹತ್ತಿ, ಹೆಗಲಿಗೆ ಶಾಲು ಹಾಕಿಕೊಳ್ಳುವವರ ಹಾಗೆ ಅದನ್ನು ಕಂಬಳಿ ಇದ್ದ ಸರಳಿನ ಮೇಲೆ ಹಾಕಿದರು. ನಡುವಿನ ಭಾಗ ತೊಟ್ಟಿಲ ಹಾಗೆ ಬಾಗಿ ನಿಂತಿತು, ಎರಡು ತುದಿಗಳು ಕಿಟಕಿಯ ಅಕ್ಕಪಕ್ಕ ಇಳಿದವು. ಆಮೇಲೆ ದಾರ ಬಿಚ್ಚಿ, ಬಾಗಿದ ಕಡೆಯ ಮಡಿಕೆಗಳನ್ನು ಒಂದೊಂದಾಗಿ ಸಡಿಲಿಸಿದರು. ನಾನು ಕೆಳಗಿನಿಂದ ಸರಿಮಾಡಲು ಕೈ ಹಾಕಿದೆ.

"ಎಳೀಬೇಡ. ಬೀಳ್ಲಿಕ್ಕೆ ಬಿಡು ಅದನ್ನು. ಎಳೆದ್ರೆ ಅದು ಹಗ್ಗ ಆಗ್ತದೆ."

ಕತ್ತರಿ ಇಲ್ಲ, ಸೂಜಿ ಇಲ್ಲ. ಕೆಳಗೆ ಉಳಿದ ಉದ್ದವನ್ನು ಕತ್ತರಿಸುವ ಬದಲು ಸುತ್ತಿ ಸುತ್ತಿ, ಕಿಟಕಿಯ ಕೆಳಗಿನ ಅಂಚಿಗೆ ಸರಿಯಾಗಿ ತುರುಬಿನ ಹಾಗೆ ಗಂಟು ಹಾಕಿದರು. ಬಾಗಿಲ ತನಕ ಹಿಂದೆ ಹೋಗಿ ನೋಡಿ, ಮತ್ತೆ ಬಂದು ಒಂದು ಮಡಿಕೆ ತಿದ್ದಿ, ಪಾಯಸ ತಣ್ಣಗಾಯಿತು ಎಂದು ನನ್ನನ್ನೇ ಬೈದು ಹೋದರು. ಇಂಡಿಯನ್ ಸ್ಕೂಲಿಗೆ ಹೋಗುವ ನನ್ನ ಮಗಳು ಸಂಜೆ ಬಂದು ನೋಡಿ "ವಾವ್, ಇಟ್ ಲುಕ್ಸ್ ಲೈಕ್ ಎ ರಿಯಲ್ ಹೌಸ್" ಅಂದಳು. ಅಲ್ಲಿಯ ತನಕ ನಾವು ಇದ್ದದ್ದು ಏನು ಅಂತ ಅವಳು ತಿಳಿದಿದ್ದಳೋ.

ಅಕ್ಕನಿಗೆ ಕಟ್ಟಡದಲ್ಲಿ ಎಲ್ಲರೊಂದಿಗೂ ಜಗಳ ಇತ್ತು. ವಾಚ್‌ಮನ್ ಜೊತೆ ಮೊಳೆಗಾಗಿ ಜಗಳ. ಗೋಡೆಗೆ ಒಂದು ತೂತು ಬಿದ್ದರೂ ಬಿಲ್ಡಿಂಗಿನ ಯಜಮಾನ ಒಪ್ಪುವುದಿಲ್ಲ ಎಂದು ಅವನು, "ದೀವಾರ್ ಕೋ ಕುಛ್ ನಹೀ ಹೋಗಾ, ತುಮ್ ಜಾವ್" ಎಂದು ಇವರು. ಕೊನೆಗೆ ಅಂಟಿನ ಕೊಕ್ಕೆ ತಂದು ಹಚ್ಚಿದರು. ಆಗಸ್ಟಿನ ಸೆಕೆಗೆ ಆ ಅಂಟು ಕರಗುತ್ತದೆ ಅಂತ ಯಾರಿಗೆ ಗೊತ್ತು. ಅಕ್ಕನ ಗಂಡನ ಮ್ಯಾನೇಜರ್ ಊಟಕ್ಕೆ ಬಂದ ಶುಕ್ರವಾರ ಮಧ್ಯಾಹ್ನ ಸರಳು, ಪರದೆ, ಎಲ್ಲವೂ ಸೇರಿ ಅವರ ತಲೆಯ ಮೇಲೆ ಬಿತ್ತು. ಆ ಮಹಾಶಯರು ಹಸಿರು ಬಟ್ಟೆಯ ಒಳಗಿನಿಂದ ಕೋರಿರೊಟ್ಟಿ ತಿನ್ನುತ್ತಿದ್ದ ಕೈಯನ್ನು ಹೊರಗೆ ಚಾಚಿಕೊಂಡು ಕುಳಿತಿದ್ದರಂತೆ. ಅಕ್ಕನ ಗಂಡ "ಸಾರಿ ಸರ್, ಸಾರಿ ಸರ್" ಎನ್ನುತ್ತಿದ್ದರೆ ಅಕ್ಕ ಹೇಳಿದ್ದು, "ಕೈ ತೊಳೆಯದೆ ಬಟ್ಟೆ ಮುಟ್ಟಬೇಡಿ." ನನಗೆ ಅದನ್ನು ಹೇಳುವಾಗಲೂ ಅವರು ನಗಲಿಲ್ಲ. ಬಿದ್ದು ಬಿದ್ದು ನಕ್ಕದ್ದು ನಾನು.

ಬಟ್ಟೆ ತರಲಿಕ್ಕೆ ನಾವಿಬ್ಬರೂ ಸೀಬ್‌ಗೆ ಹೋಗುತ್ತಿದ್ದೆವು, ಬರುವಾಗ ಅಲ್ ಮವಾಲೇಹ್‌ನಲ್ಲಿ ಇಳಿದು ತರಕಾರಿ. ಸೀಬ್‌ನಲ್ಲಿ ನಮ್ಮ ಊರಿನ ಕಡೆಯ ಬ್ಯಾರಿ ಒಬ್ಬರ ಬಟ್ಟೆ ಅಂಗಡಿ. ಹಮೀದಾಕ ಅಂತ ನಾವು ಕರೆಯುತ್ತಿದ್ದೆವು. ಅಕ್ಕ ಅಳೆದು ಕತ್ತರಿಸಿದ ಬಟ್ಟೆಯನ್ನು ಯಾವತ್ತೂ ಕೊಂಡವರಲ್ಲ. ಒಂದು ಥಾನು ಚೆನ್ನಾಗಿ ಕಂಡರೆ ಅದು ಖರ್ಚಾಗುವ ತನಕ ಕಾಯುತ್ತಿದ್ದರು. ಕೊನೆಗೆ ಉಳಿದ ತುಂಡು ಎಷ್ಟು ಉದ್ದವಿದೆಯೋ ಅಷ್ಟನ್ನೂ ಹಾಗೆಯೇ ತೆಗೆದುಕೊಳ್ಳುತ್ತಿದ್ದರು. ಹಮೀದಾಕ ಅಭ್ಯಾಸಬಲದಿಂದ ಕತ್ತರಿ ಎತ್ತಿದರೋ, ಮುಗಿಯಿತು.

"ಅದನ್ನು ಕೆಳಗೆ ಇಡಿ ಹಮೀದಾಕ. ಕತ್ತರಿ ಮುಟ್ಟಿಸಿದ್ರೆ ನನಗೆ ಬೇಡ."

"ಅಂಚು ವಕ್ರ ಉಂಟು ಮಾರಾಯ್ತಿ, ಸ್ವಲ್ಪ ಸರಿ ಮಾಡಿ ಕೊಡ್ತೇನೆ."

"ವಕ್ರ ಇರ್ಲಿ. ನಾನು ಸಹ ವಕ್ರವೇ."

ಹಮೀದಾಕ "ಖಲಾಸ್" ಎಂದು ಕೈ ಎತ್ತಿ, ಬಟ್ಟೆಯನ್ನು ಹಾಗೆಯೇ ಸುತ್ತಿ ಕೊಡುತ್ತಿದ್ದರು.

ಕತ್ತರಿಯ ಮೇಲೆ ಈ ದ್ವೇಷ ಏಕೆ ಎಂದು ನಾನು ಕೇಳಿದ್ದು ನಮ್ಮ ಸ್ನೇಹ ಬಲಿತ ಮೇಲೆ. ಅದನ್ನು ಹೇಳಬೇಕಾದರೆ ನಮ್ಮವರ ಒಂದು ರೋಗದ ಬಗ್ಗೆ ಹೇಳಬೇಕು. ಮಸ್ಕತ್ತಿನಲ್ಲಿರುವ ನಮ್ಮ ಪ್ರತಿಯೊಂದು ಮನೆಯಲ್ಲೂ ಮಂಚದ ಕೆಳಗೆ ಒಂದು ಪೆಟ್ಟಿಗೆ ಇರುತ್ತದೆ. ಊರಿನ ಪೆಟ್ಟಿಗೆ. ಕೊಂಡ ಒಳ್ಳೆಯ ವಸ್ತುವೆಲ್ಲ ಅದರ ಒಳಗೆ. ಗಾಜಿನ ಊಟದ ಸೆಟ್ಟು, ಬೆಡ್‌ಶೀಟು, ಅತ್ತರು, ಹೊಳೆಯುವ ಫ್ಲಾಸ್ಕು. ಇಲ್ಲಿ ನಾವು ಸ್ಟೀಲಿನ ತಟ್ಟೆಯಲ್ಲಿ ತಿಂದು, ಮಾಸಿದ ಹಾಸಿನ ಮೇಲೆ ಮಲಗಿ, ಹುಲಿ ಕಂಬಳಿಯ ಹಿಂದೆ ಬದುಕುತ್ತೇವೆ. ಯಾರಾದರೂ ಕೇಳಿದರೆ "ಊರಿಗೆ ಹೋದ ಮೇಲೆ" ಎನ್ನುತ್ತೇವೆ. ಯೌವನ, ಕಣ್ಣು, ಹಲ್ಲು ಎಲ್ಲವನ್ನೂ ಇಲ್ಲಿ ಖರ್ಚು ಮಾಡಿ ಬಾಳುವುದನ್ನು ಮಾತ್ರ ಊರಿಗೆ ಕಟ್ಟಿಡುತ್ತೇವೆ. ಇದಕ್ಕೆ ನಮ್ಮವರು ಉಳಿತಾಯ ಎನ್ನುತ್ತಾರೆ. ನನಗೆ ಇದನ್ನು ಬರೆಯುವಾಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಅಕ್ಕ ಈ ಪೆಟ್ಟಿಗೆಗಳನ್ನು ಕಂಡರೆ ಕೆಂಡ ಕಾರುತ್ತಿದ್ದರು. ಕೆಳಗಿನ ಮನೆಯವರ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ಅವರ ಪಿಂಗಾಣಿ ಬಟ್ಟಲಿನಲ್ಲೇ ಅವರಿಗೆ ಚಹಾ ಕೊಟ್ಟು ಬಂದವರು. ಆದರೆ ತಾವು ಮಾತ್ರ ಬಟ್ಟೆಗೆ ಕತ್ತರಿ ಹಾಕಲೊಲ್ಲರು. ಅವರ ಕಿಟಕಿಗಳಲ್ಲಿ ಒಂದಕ್ಕಿಂತ ಒಂದು ಚೆಂದದ ಪರದೆಗಳು ಬಾಗಿ ಇಳಿದಿದ್ದವು, ಆದರೆ ಪ್ರತಿಯೊಂದರ ಕೆಳಗೂ ಒಂದು ಗಂಟು. ಆ ಗಂಟಿನ ಒಳಗಿದ್ದದ್ದು ಊರಿನ ಪಾಲು.

"ಮತ್ತೆ ನೀವು? ನಿಮ್ಮದೂ ಪೆಟ್ಟಿಗೆಯೇ ಅಲ್ವಾ, ಗೋಡೆಯಲ್ಲಿ ನೇತು ಹಾಕಿದ್ದು ಅಷ್ಟೇ" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಅಲ್ಲಿ ಕಿಟಕಿಗಳು ದೊಡ್ಡದು ಮಾರಾಯ್ತಿ" ಅಂದರು. "ಹಾಲಿನದ್ದು ನೆಲದ ತನಕ ಬರ್ತದೆ. ಇಲ್ಲಿಗೆ ಅಂತ ಕತ್ತರಿಸಿದ್ರೆ ಅಲ್ಲಿಗೆ ಗಿಡ್ಡ ಆಗುದಿಲ್ವಾ? ಇವರು ಹೇಳಿದ್ದಾರೆ, ಸಿಮೆಂಟು, ಟೈಲ್ಸು, ಬಾಗಿಲು ಎಲ್ಲ ನಾನು ನೋಡ್ತೇನೆ, ಕಿಟಕಿ ನಿನ್ನ ಡಿಪಾರ್ಟ್‌ಮೆಂಟ್ ಅಂತ."

ಆ ಮನೆಯನ್ನು ಅವರು ಫೋಟೋದಲ್ಲಿ ಮಾತ್ರ ನೋಡಿದ್ದು, ಆದರೆ ಕಿಟಕಿಗಳೆಲ್ಲ ಬಾಯಿಪಾಠ. ಹಾಲಿಗೆ ಹಸಿರು ಮಲ್ಲು, ಊಟದ ಕೋಣೆಗೆ ಕಾವಿ ಬಣ್ಣದ್ದು, ಮಲಗುವ ಕೋಣೆಗೆ ಬಿಳಿ ವಾಯಿಲ್, ಅದರ ಬಾಗು ಸ್ವಲ್ಪ ಆಳ ಇರಬೇಕು, ಯಾಕೆಂದರೆ ಆಚೆಗೆ ತೆಂಗಿನ ಮರ ಕಾಣುತ್ತದೆ. ಬೇರೆ ಹೆಂಗಸರು ಚಿನ್ನದ ವಿಷಯ ಹೇಳುವ ಹಾಗೆ ಅವರು ಇದನ್ನು ಹೇಳುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಅವರ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ.

ಅಕ್ಕನ ಗಂಡ ಒಳ್ಳೆಯ ಮನುಷ್ಯ. ವಾಹನಗಳ ಬಿಡಿಭಾಗ ಮಾರುವ ಕಂಪನಿಯಲ್ಲಿ ಸ್ಟೋರ್ಸ್ ಇನ್‌ಚಾರ್ಜ್. ಕುಡಿಯುವುದಿಲ್ಲ, ಧ್ವನಿ ಎತ್ತುವುದಿಲ್ಲ, ಹೆಂಡತಿಯ ಬೈಗುಳಕ್ಕೆ ತಲೆಯಾಡಿಸುತ್ತಾ ಪೇಪರು ಓದುವವರು. ಇಂಥವರ ಮೇಲೆ ಸಿಟ್ಟು ಮಾಡಿಕೊಂಡರೆ ಜನ ನಮ್ಮನ್ನೇ ತಪ್ಪು ಎನ್ನುತ್ತಾರೆ. ಏನು ಕೇಳಿದರೂ ಅವರದು ಒಂದೇ ಉತ್ತರ, "ನೋಡುವ." ನಮ್ಮ ಕರಾವಳಿಯಲ್ಲಿ ಈ ಮಾತಿನ ಅರ್ಥ ಗೊತ್ತಿಲ್ಲದವರಿಲ್ಲ. ಇಲ್ಲ ಎಂದರೆ ಜಗಳವಾಗುತ್ತದೆ, ಹೌದು ಎಂದರೆ ಕೆಲಸವಾಗುತ್ತದೆ, ಎರಡೂ ಬೇಡದವನು "ನೋಡುವ" ಎನ್ನುತ್ತಾನೆ. ಮೂಲ್ಕಿಯ ಮನೆ ಕಟ್ಟುವ ಕೆಲಸ ನೋಡಿಕೊಳ್ಳುತ್ತಿದ್ದದ್ದು ಊರಿನಲ್ಲಿದ್ದ ಅವರ ತಮ್ಮ.

ಮನೆ ಮುಗಿಯಿತು. ಒಕ್ಕಲಿನ, ಅಂದರೆ ಗೃಹಪ್ರವೇಶದ, ದಿನ ಗೊತ್ತಾಯಿತು. ಅಕ್ಕ ತಮ್ಮ ಕಿಟಕಿಗಳ ಗಂಟುಗಳನ್ನೆಲ್ಲ ಬಿಚ್ಚಿ, ಬಟ್ಟೆಗಳನ್ನು ಒಗೆದು, ಮಡಿಚಿ, ದೊಡ್ಡ ಸೂಟ್‌ಕೇಸುಗಳಿಗೆ ತುಂಬಿದರು. ಪರದೆ ಇಲ್ಲದ ಆ ಫ್ಲ್ಯಾಟು ಬ್ಯಾಚುಲರ್‌ಗಳ ರೂಮಿನ ಹಾಗೆ ಕಾಣುತ್ತಿತ್ತು. ಊರಿಗೆ ಹೋಗುವವರೆಲ್ಲ ಖರ್ಜೂರ, ಹಾಲಿನ ಪುಡಿ, ಸಾಬೂನು ತುಂಬಿಸಿದರೆ ಇವರ ಲಗೇಜಿನಲ್ಲಿ ಬಟ್ಟೆಯೇ. ನನಗೆ ಹಲಸಿನ ಹಪ್ಪಳ ತರಲು ಹೇಳಿದ್ದೆ. "ತರ್ತೇನೆ. ಸೂಟ್‌ಕೇಸ್ ಖಾಲಿ ಬರ್ತದಲ್ಲ" ಅಂದರು.

ಅವರು ವಾಪಸ್ ಬಂದ ದಿನ ಏರ್‌ಪೋರ್ಟಿಗೆ ನಾನೂ ನನ್ನ ಗಂಡನೂ ಕರೆತರಲು ಹೋದೆವು. ಅಕ್ಕನ ಗಂಡ ಟ್ರಾಲಿ ತಳ್ಳಿಕೊಂಡು ಬಂದರು. ಅದೇ ಸೂಟ್‌ಕೇಸುಗಳು, ಹೋದಷ್ಟೇ ಭಾರ. ಅಕ್ಕ ಕಾರಿನಲ್ಲಿ ಕಿಟಕಿಯ ಆಚೆಗೆ ಮುಖ ತಿರುಗಿಸಿ ಕುಳಿತರು. ನನ್ನ ಗಂಡ ಪಾಪ ಏನೂ ತಿಳಿಯದೆ "ಹಪ್ಪಳ ತಂದ್ರಾ ಅಕ್ಕ?" ಎಂದು ಕೇಳಿದರು. "ಇಲ್ಲ. ಜಾಗ ಇರ್ಲಿಲ್ಲ" ಅಂದರು.

ಮರುದಿನ ಶುಕ್ರವಾರ. ಅವರು ನಮ್ಮ ಬಾಗಿಲು ತಟ್ಟಿದರು.

"ನಿನ್ನ ಕತ್ತರಿ ಕೊಡು. ಹೊಲಿಗೆ ಮೆಷಿನ್ ಸಹ ಬೇಕು."

ನಾನು ಎರಡನ್ನೂ ಹೊತ್ತುಕೊಂಡು ಹೋದೆ. ಅವರ ಹಾಲಿನ ನೆಲದ ತುಂಬ ಬಟ್ಟೆ ಹರಡಿಕೊಂಡಿತ್ತು. ಅವರ ಗಂಡ ಪೇಪರು ಹಿಡಿದುಕೊಂಡು ಮಲಗುವ ಕೋಣೆಗೆ ಹೋದವರು ಹೊರಗೆ ಬರಲೇ ಇಲ್ಲ. ಅಕ್ಕ ನೆಲದಲ್ಲಿ ಕುಳಿತು ಹೇಳತೊಡಗಿದರು, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ.

"ಹೋಗಿ ನೋಡ್ತೇನೆ, ಎಲ್ಲಾ ಕಿಟಕಿಗೂ ಬೂದಿ ಬಣ್ಣದ ಬ್ಲೈಂಡ್ಸ್ ಹಾಕಿ ಆಗಿದೆ. ಬ್ಯಾಂಕಿನ ಹಾಗೆ. ಒಳಗೆ ಹೋದವರು ಟೋಕನ್ ಎಲ್ಲಿ ಅಂತ ಕೇಳ್ಬೇಕು."

"ಯಾರು ಹಾಕಿಸಿದ್ದು?"

"ಮೈದುನ. ಇಂಟೀರಿಯರ್‌ನವ ಹೇಳಿದ್ದಂತೆ, ಈಗ ಇದೇ ಅಂತೆ, ಧೂಳು ಕೂರುದಿಲ್ಲ ಅಂತೆ. ಫೋಟೋ ಕಳಿಸಿ ಇವರನ್ನು ಕೇಳಿದ್ದಾನೆ. ಇವರು ಒಂದು ಹೆಬ್ಬೆರಳು ಹಾಕಿದ್ದಾರೆ ವಾಟ್ಸ್ಯಾಪಿನಲ್ಲಿ. ಅಷ್ಟೇ. ನನಗೆ ಹೇಳ್ಲಿಲ್ಲ ಯಾಕೆ ಅಂದ್ರೆ, ನೀನು ಸಿಟ್ಟು ಮಾಡ್ತಿ ಅಂತ ಹೇಳ್ಲಿಲ್ಲ ಅಂತಾರೆ."

"ಬ್ಲೈಂಡ್ಸ್ ತೆಗೆಸ್ಲಿಕ್ಕೆ ಆಗುದಿಲ್ವಾ?"

"ಕೇಳಿದೆ. ನೋಡುವ ಅಂದ್ರು. ಒಂದು ಕಿಟಕಿಗಾದ್ರೂ ಸರಳು ಹಾಕಿ ಕೊಡಿ, ಒಳಗಿನ ಕೋಣೆಗೆ, ಅಂತ ಕೇಳಿದೆ. ಮೊಳೆ ಹೊಡೆದ್ರೆ ಹೊಸ ಪೈಂಟ್ ಎದ್ದು ಬರ್ತದೆ ಅತ್ತಿಗೆ ಅಂತ ಮೈದುನ ಹೇಳಿದ. ಇಲ್ಲಿ ವಾಚ್‌ಮನ್ ಬಿಡುದಿಲ್ಲ, ಅಲ್ಲಿ ಮೈದುನ ಬಿಡುದಿಲ್ಲ. ನಾನು ಮೊಳೆ ಹೊಡೆಯುವ ಗೋಡೆ ಎಲ್ಲಿ ಉಂಟು ಹೇಳು."

ಒಕ್ಕಲಿಗೆ ಬಂದವರೆಲ್ಲ ಮನೆ ಹೋಟೆಲಿನ ಹಾಗಿದೆ ಎಂದು ಹೊಗಳಿದರಂತೆ. ಅಕ್ಕ ಆ ಹೊಗಳಿಕೆಯ ನಡುವೆ ಬಂದವರಿಗೆಲ್ಲ ಪಾನಕ ಕೊಟ್ಟರಂತೆ. ಸೂಟ್‌ಕೇಸುಗಳನ್ನು ತೆರೆಯಲೇ ಇಲ್ಲವಂತೆ. "ಅಲ್ಲಿ ಕಪಾಟಿನಲ್ಲಿ ಇಟ್ಟು ಬಾ, ಮತ್ತೆ ನೋಡುವ ಅಂದ್ರು. ನಾನು ಬಿಟ್ಟು ಬರ್ಲಿಲ್ಲ."

ಆಮೇಲೆ ಅವರು ಹಸಿರು ಮಲ್ಲನ್ನು ಎಳೆದುಕೊಂಡು, ಕಿಟಕಿಯ ಕೆಳ ಅಂಚಿಗೆ ಹಿಡಿದು ಅಳೆದು, ಕತ್ತರಿ ಇಟ್ಟರು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. "ಅಕ್ಕ, ಸ್ವಲ್ಪ ದಿನ ಬಿಟ್ಟು ಮಾಡುವ" ಅಂದೆ.

"ನೀನು ಸಹ ಶುರುಮಾಡ್ಬೇಡ."

ಕತ್ತರಿಸಿದರು. ಹರಿತವಿಲ್ಲದ ನನ್ನ ಕತ್ತರಿ ಬಟ್ಟೆಯನ್ನು ಅಗಿಯುತ್ತಾ ಹೋಯಿತು. ಹಸಿರು ಆದ ಮೇಲೆ ಕಾವಿ, ಕಾವಿ ಆದ ಮೇಲೆ ಬಿಳಿ ವಾಯಿಲ್. ಅವರು ಅಳಲಿಲ್ಲ. ಬೈಯುತ್ತಲೇ ಇದ್ದರು, ಮೈದುನನನ್ನು, ಇಂಟೀರಿಯರ್‌ನವನನ್ನು, ವಕ್ರವಾದ ಅಂಚನ್ನು, ಮೆಷಿನ್‌ಗೆ ಎಣ್ಣೆ ಹಾಕದ ನನ್ನನ್ನು. ನಾನು ಅಂಚು ಮಡಿಚಿ ಹೊಲಿದೆ. ಕೊನೆಗೆ ಅವರು ಡಬ್ಬದಿಂದ ಮೊಳೆಗಳನ್ನೂ ಸುತ್ತಿಗೆಯನ್ನೂ ತೆಗೆದು ಸ್ಟೂಲು ಹತ್ತಿದರು. ಆ ಶಬ್ದಕ್ಕೆ ವಾಚ್‌ಮನ್ ಓಡಿ ಬಂದ. ಅಕ್ಕನ ಮುಖ ನೋಡಿ, ಸ್ಟೂಲು ಅಲುಗದ ಹಾಗೆ ಹಿಡಿದುಕೊಂಡು ನಿಂತ.

ಗಂಟುಗಳಿಲ್ಲದ ಆ ಪರದೆಗಳು ಕಿಟಕಿಯ ಅಂಚಿಗೆ ಬಂದು ಸರಿಯಾಗಿ ನಿಂತಿದ್ದವು. ಅಷ್ಟು ಚೆಂದ ಅವು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ನಿಜ. ಅಕ್ಕನ ಮೇಲೆಯೂ ನನಗೆ ಸಿಟ್ಟಿದೆ, ಅದು ಇದಕ್ಕೇ. ಇಷ್ಟು ವರ್ಷ ಯಾರದೋ ಒಂದು ಮಾತನ್ನು ನಂಬಿ, ಅರ್ಧ ಬಟ್ಟೆಯನ್ನು ಗಂಟು ಕಟ್ಟಿಟ್ಟು, ಕಣ್ಣೆದುರಿಗಿದ್ದ ಕಿಟಕಿಗಳಿಗೆ ಅರ್ಧವನ್ನೇ ಕೊಟ್ಟರಲ್ಲ. ಎಲ್ಲರಿಗೂ ಬೈದವರು ತಮಗೆ ತಾವು ಮೊದಲೇ ಬೈದುಕೊಳ್ಳಬಾರದಿತ್ತೇ.

ಆ ಮೇಲೆ ಅವರ ಸಿಟ್ಟು ಕಡಿಮೆಯಾಯಿತು ಅಂತಲ್ಲ. ಕಟ್ಟಡದ ಹೆಂಗಸರ ಮಂಚದ ಕೆಳಗಿನ ಪೆಟ್ಟಿಗೆಗಳಿಗೆ ಆಗ ನಿಜವಾದ ಕಂಟಕ ಬಂತು. ನನ್ನ ಮನೆಗೆ ಬಂದು ಊಟದ ಸೆಟ್ಟನ್ನು ತೆಗೆಸಿ, "ಇವತ್ತು ಇದರಲ್ಲಿ ಬಡಿಸು, ಒಡೆದ್ರೆ ಒಡೀಲಿ" ಅಂದರು. ಗಂಡನೊಡನೆ ಮಾತು ಬಿಡಲಿಲ್ಲ, ಅಡುಗೆ ಬಿಡಲಿಲ್ಲ. ಊರಿನ ಮನೆಯ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು. ಸಂಜೆ ಬಿಸಿಲು ಇಳಿಯುವಾಗ ಹಸಿರು ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಆ ಹೊತ್ತಿಗೆ ಕೋಣೆಯೆಲ್ಲಾ ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲು ಅಲ್ಲಿ ಹೋಗಿ ಕುಳಿತುಕೊಳ್ಳುತ್ತಿದ್ದೆ.

ಹಾಗೆ ಅವರು ಬದುಕಿದ್ದು ಒಂದು ಚಳಿಗಾಲ ಮಾತ್ರ. ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಹೃದಯ ನಿಂತಿತು. ದೇಹವನ್ನು ಊರಿಗೆ ಕಳಿಸಿದರು. ಅಲ್ಲಿ ಅವರನ್ನು ಹೊಸ ಮನೆಯ ಹಾಲಿನಲ್ಲಿ ಮಲಗಿಸಿದ ಫೋಟೋವನ್ನು ಯಾರೋ ಸಂಘದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದರು. ಹಿಂದೆ ಬೂದಿ ಬಣ್ಣದ ಬ್ಲೈಂಡ್ಸ್ ಅರ್ಧಕ್ಕೆ ಇಳಿದಿತ್ತು. ನಾನು ಆ ಗ್ರೂಪನ್ನೇ ಬಿಟ್ಟೆ. ನನ್ನ ಗಂಡ ಅದು ಸರಿಯಲ್ಲ ಅಂದರು. ಸರಿಯಲ್ಲದ್ದು ಯಾವುದು ಅಂತ ಅವರಿಗೆ ಆ ದಿನ ಚೆನ್ನಾಗಿಯೇ ಹೇಳಿದೆ.

ಅಕ್ಕನ ಗಂಡ ಕ್ರಿಯೆ ಮುಗಿಸಿ ಬಂದು, ಸಂತಾಪ ಸಭೆಯೂ ಆದ ಮೇಲೆ, ಕೆಲಸಕ್ಕೆ ರಾಜೀನಾಮೆ ಕೊಟ್ಟರು. ವೀಸಾ ಕ್ಯಾನ್ಸಲ್ ಆಗುವ ಮೊದಲು ಫ್ಲ್ಯಾಟು ಖಾಲಿ ಮಾಡಬೇಕಿತ್ತು. ಒಂದು ಶನಿವಾರ ಅವರೇ ಬಂದು ನಮ್ಮ ಬಾಗಿಲು ತಟ್ಟಿದರು. ಗಡ್ಡ ಬೋಳಿಸಿರಲಿಲ್ಲ. ಪರದೆ ಇಳಿಸಲು ಸ್ವಲ್ಪ ಬರ್ತೀಯಾ ಅಂತ ಕೇಳಿದರು. ಅವರಿಗೆ ಅದನ್ನು ಹೇಗೆ ತೆಗೆಯುವುದು ಅಂತ ಗೊತ್ತಿರಲಿಲ್ಲ.

ನಾನು ಸ್ಟೂಲು ಹತ್ತಿ ಹಸಿರನ್ನು ಇಳಿಸಿದೆ. ಅದು ಕೈಗೆ ಬರುವಾಗ ಧೂಳಿನ ಜೊತೆ ಅಕ್ಕನ ಅಡುಗೆಮನೆಯ ಒಗ್ಗರಣೆಯ ವಾಸನೆ. ಅವರು ಕೆಳಗೆ ನಿಂತು ಎರಡೂ ಕೈ ಒಡ್ಡಿ ತೆಗೆದುಕೊಂಡರು. ಮಡಿಚಲು ಬಾರದೆ ಹಾಗೆಯೇ ಅಪ್ಪಿಕೊಂಡು ನಿಂತರು.

"ಇದನ್ನು ಊರಿನ ಮನೆಗೆ ತಗೊಂಡು ಹೋಗ್ತೇನೆ" ಅಂದರು. "ಆ ಬ್ಲೈಂಡ್ಸ್ ಎಲ್ಲ ತೆಗೆಸ್ಲಿಕ್ಕೆ ತಮ್ಮನಿಗೆ ಹೇಳಿಯಾಗಿದೆ. ಸರಳು ಹಾಕಿಸ್ತೇನೆ. ಅವಳಿಗೆ ಅದೇ ಅಲ್ವಾ ಬೇಕಿದ್ದದ್ದು."

ಅವರ ಮುಖ ನೋಡಿದೆ. ನಿಜವಾಗಿಯೂ ಹಾಗೆಯೇ ನಂಬಿದ್ದರು. ಇಷ್ಟು ಸುಲಭವಾಗಿ ಆಗುವ ಕೆಲಸ, ಒಂದು ಫೋನು, ಒಂದು ಸರಳು. ಅವರು ಅದನ್ನು ಅಕ್ಕ ಉಸಿರಾಡುತ್ತಿರುವಾಗ ಮಾಡಬಹುದಿತ್ತು. ಆ ಮನುಷ್ಯನ ಮೇಲೆ ಕರುಣೆ ಬರಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಸಿಟ್ಟು, ಮತ್ತು ಅದಕ್ಕೆ ನನಗೆ ನಾಚಿಕೆ ಇಲ್ಲ.

"ಹಾಲಿನ ಕಿಟಕಿ ಎಷ್ಟು ಉದ್ದ ಉಂಟು ಅಣ್ಣ, ಅಲ್ಲಿ?" ಎಂದು ಕೇಳಿದೆ.

"ನೆಲದ ತನಕ ಉಂಟು."

ನಾನು ಅವರ ಕೈಯಿಂದ ಬಟ್ಟೆಯ ತುದಿಯನ್ನು ತೆಗೆದು, ಗೋಡೆಗೆ ಹಿಡಿದು ತೋರಿಸಿದೆ. ಅದು ಅವರ ಸೊಂಟದ ಹತ್ತಿರ ಮುಗಿದುಹೋಗುತ್ತಿತ್ತು. ಅವರು ಬಗ್ಗಿ ನೋಡಿದರು, ಅಂಚಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದರು.

"ಇದು ಯಾವಾಗ ಕತ್ತರಿಸಿದ್ದು?"

"ಒಕ್ಕಲು ಮುಗಿಸಿ ಬಂದ ಮರುದಿನ. ನೀವು ಒಳಗೆ ಪೇಪರು ಓದ್ತಾ ಇದ್ರಿ."

ಅವರು ಕಾವಿ ಪರದೆಯ ಹತ್ತಿರ ಹೋಗಿ ಅದರ ಅಂಚು ನೋಡಿದರು. ಬಿಳಿ ವಾಯಿಲ್‌ನದ್ದೂ ನೋಡಿದರು.

"ತುಂಡು ಉಳಿದದ್ದು ಇರ್ಬಹುದಲ್ಲ. ಜೋಡಿಸಿ ಹೊಲೀಲಿಕ್ಕೆ ಆಗುದಿಲ್ವಾ?"

"ಉಳಿದದ್ದನ್ನು ಅಕ್ಕ ಆವತ್ತೇ ಹಂಚಿ ಆಯ್ತು. ನನ್ನ ಅಡುಗೆಮನೆಗೆ, ವಾಚ್‌ಮನ್ ರೂಮಿಗೆ, ಕೆಳಗಿನ ಮನೆಗೆ."

"ಹಾಗಾದ್ರೆ ಅಲ್ಲಿಗೆ ಅವಳದ್ದು ಅಂತ ಎಂತದ್ದೂ ಇಲ್ವಾ?"

"ಇಲ್ಲ ಅಣ್ಣ" ಅಂದೆ.